ಒಂದು ತೊಟ್ಟಿ ಸಮುದ್ರ

ನಮ್ಮ ಮನೆಯ ಪಡಸಾಲೆಯಲ್ಲಿ ಕಿಟಕಿಯ ಪಕ್ಕದ ಗೋಡೆ, ಎಷ್ಟು ಸಲ ಸುಣ್ಣ ಬಳಿದರೂ, ಅದೊಂದು ಜಾಗದಲ್ಲಿ ಬೆಳ್ಳಗೆ ಪುಡಿ ಬಿಡುತ್ತದೆ. ಬೆರಳಿಗೆ ತಾಗಿಸಿಕೊಂಡು ನಾಲಿಗೆಗೆ ಮುಟ್ಟಿಸಿದರೆ ಅದು ಸುಣ್ಣವಲ್ಲ, ಉಪ್ಪು. ಬೆಂಗಳೂರಿನ ಹತ್ತಿರದ ನಮ್ಮ ವಿಜಯಪುರದಂಥ ಊರಿನಲ್ಲಿ, ಸುತ್ತ ರಾಗಿಹೊಲ, ಹಿಪ್ಪುನೇರಳೆ ತೋಟ, ರೇಷ್ಮೆಗೂಡು ಬೇಯಿಸುವ ವಾಸನೆ ಬಿಟ್ಟರೆ ಹೇಳಿಕೊಳ್ಳಲು ಬೇರೇನೂ ಇಲ್ಲದ ಕಡೆ, ಗೋಡೆಯೊಳಗೆ ಸಮುದ್ರ ಹೇಗೆ ಸೇರಿಕೊಂಡಿತು ಎಂದು ನೀವು ಕೇಳಬಹುದು. ಕೇಳುವವರು ಸಿಕ್ಕರೆ ಹೇಳುವುದು ನನಗೂ ಇಷ್ಟ. ನಮ್ಮ ಯಜಮಾನರು ತೀರಿಕೊಂಡು ವರ್ಷದ ಮೇಲಾಯಿತು. ಅವರನ್ನು ನೆನೆದು ಬರೆಯಲು ಕೂತಾಗಲೆಲ್ಲ ಅವರ ಮುಖಕ್ಕಿಂತ ಮೊದಲು ಅವರು ಸಾಕಿದ ಮೀನುಗಳು ಕಣ್ಣಮುಂದೆ ಬರುತ್ತವೆ. ಅವರು ಹೋದ ಮೇಲೆ ನಾನೂ ನಮ್ಮ ಅತ್ತೆಯೂ ಒಂದೇ ಸೂರಿನ ಕೆಳಗೆ ಬಾಳಬಲ್ಲೆವೇ, ಅಥವಾ ನಾನು ತೂಬಗೆರೆಯ ಅಣ್ಣನ ಮನೆಗೆ ಹೊರಟುಬಿಡಬೇಕೇ ಎನ್ನುವ ಪ್ರಶ್ನೆ ಎದ್ದಾಗಲೂ ಆ ಮೀನುಗಳೇ ಮುಂದೆ ಬಂದು ನಿಂತಿದ್ದವು.

ಅವರ ಕೆಲಸ ಒಂದು ರೇಷ್ಮೆ ಹುರಿ ಮಾಡುವ ಕಾರ್ಖಾನೆಯಲ್ಲಿ. ಹುರಿಯಾದ ರೇಷ್ಮೆಯನ್ನು ಲಾರಿಯಲ್ಲಿ ಹಾಕಿಕೊಂಡು ಕಂಚಿಯ ನೇಕಾರರಿಗೆ ಒಪ್ಪಿಸಿ ಬರುವುದು. ಕಂಚಿಯವರೆಗೆ ಹೋದವರು ಒಮ್ಮೆ ಮದರಾಸಿಗೂ ಹೋಗಿ, ಅಲ್ಲಿ ಯಾರದೋ ಮನೆಯ ಗಾಜಿನ ತೊಟ್ಟಿಯಲ್ಲಿ ಕಡಲಿನ ಮೀನು ನೋಡಿ ಬಂದರು. ಎಪ್ಪತ್ತೆರಡರಲ್ಲೋ ಎಪ್ಪತ್ತಮೂರರಲ್ಲೋ ಇರಬೇಕು. ಬಂದ ವಾರದಲ್ಲೇ ಬೆಸುಗೆ ಅಂಗಡಿಯಲ್ಲಿ ಕಬ್ಬಿಣದ ಚೌಕಟ್ಟು ಮಾಡಿಸಿ, ಗಾಜು ಕೂರಿಸಿ, ಪುಟ್ಟಿ ಮೆತ್ತಿ, ತುಕ್ಕು ಹಿಡಿಯದಿರಲೆಂದು ಮೂರು ಸಲ ಬಣ್ಣ ಬಳಿದರು. ಗಾಳಿ ಊದುವ ಸಣ್ಣ ಯಂತ್ರವೊಂದು ಬೆಂಗಳೂರಿನಿಂದ ಬಂತು; ಅದು ಎಬ್ಬಿಸುವ ಗುಳ್ಳೆಗಳು ಸಿಡಿದು ಕಿಟಕಿಯ ಪಕ್ಕದ ಗೋಡೆ ಸದಾ ಒದ್ದೆಯಾಗಿರುತ್ತಿತ್ತು. ನೀರು ಮಾತ್ರ ಸಮುದ್ರದಿಂದಲೇ ಬರಬೇಕಿತ್ತು. ಲಾರಿ ಓಡಿಸುತ್ತಿದ್ದ ಖಾದರ್ ಸಾಹೇಬರು ಒಂದೊಂದು ಸಲಕ್ಕೆ ನಾಲ್ಕೈದು ಗಾಜಿನ ಜಾಡಿಗಳಲ್ಲಿ ನೀರು ತುಂಬಿ, ಒಡೆಯದಂತೆ ಹುಲ್ಲು ಸುತ್ತಿ ತಂದು ಇಳಿಸುತ್ತಿದ್ದರು. ರೇಷ್ಮೆ ಹೋದ ದಾರಿಯಲ್ಲಿ ಸಮುದ್ರ ವಾಪಸು ಬರುವುದನ್ನು ನೋಡಲು ಬೀದಿಯವರೆಲ್ಲ ಸೇರುತ್ತಿದ್ದರು.

"ಇಷ್ಟ್ ದೂರದಿಂದ ಮೀನ್ ತಂದಿದ್ಯಲ್ಲ, ಸಾರಿಗಾದ್ರೂ ಆಗುತ್ತಾ?" ಎಂದು ಅತ್ತೆ ಮೀನು ಬಂದ ಮೊದಲ ದಿನವೇ ಕೇಳಿದರು.

"ಇದು ನೋಡೋಕಮ್ಮ."

"ನೋಡಿದ್ರೆ ಹೊಟ್ಟೆ ತುಂಬುತ್ತೇನೋ? ಕೆರೆ ಮೀನಾಗಿದ್ರೆ ಇಷ್ಟೊತ್ತಿಗೆ ಹುಳಿ ಕಾಯಿಸಿರ್ತಿದ್ದೆ."

ಹಾಗೆಂದವರೇ ತೊಟ್ಟಿಯ ಮುಂದೆ ಹೊತ್ತು ಹೋಗುವಷ್ಟು ಕೂತಿದ್ದರು.

ಮೊದಲ ಸಲ ನಮ್ಮವರು ತಂದದ್ದು ಮೂರು ನೀಲಿ ಮೀನು, ಹೆಬ್ಬೆರಳಿನಷ್ಟುದ್ದ, ಮೂರೂ ಒಂದೇ ಅಚ್ಚು. ಆರಿಸಿದ್ದಕ್ಕೆ ಅವರ ಹತ್ತಿರ ಕಾರಣವಿತ್ತು. ನಾವು ಹೆಣ್ಣು ಗಂಡು ನೋಡುವಾಗ ಮೊದಲು ಕೇಳುವುದು ಏನು? ನಮ್ಮವರೇ ತಾನೇ ಎಂದು. ಒಂದೇ ಕುಲ, ಒಂದೇ ಊಟ, ಒಂದೇ ದೇವರು ಆದರೆ ಹೊಂದಿಕೊಂಡು ಹೋಗುತ್ತಾರೆ ಎಂಬುದು ನಮಗೆ ಉಸಿರಾಟದಷ್ಟು ಸಹಜವಾದ ನಂಬಿಕೆ. ಮೀನಿಗೂ ಅದೇ ಲೆಕ್ಕ ಹಾಕಿದರು. ಒಂದು ವಾರ ಕಳೆಯುವುದರೊಳಗೆ ಮೂರರಲ್ಲಿ ಒಂದೇ ಉಳಿಯಿತು. ಉಳಿದೆರಡರ ರೆಕ್ಕೆ ಬಾಲಗಳು ಚಿಂದಿಯಾಗಿದ್ದವು. ಕೊಂದದ್ದು ಹಸಿವಲ್ಲ, ತೊಟ್ಟಿಯಲ್ಲಿಟ್ಟ ಬಂಡೆಕಲ್ಲುಗಳ ಪೈಕಿ ದೊಡ್ಡದರಲ್ಲಿ ಒಂದು ಪೊಟರೆಯಿತ್ತು, ಮೂವರಿಗೂ ಅದೇ ಬೇಕಿತ್ತು.

ಮುಂದಿನ ಸಲ ಅವರು ದಡದ ಮೀನುಗಾರ ಮುದುಕರೊಬ್ಬರನ್ನು ಕೇಳಿಕೊಂಡು ಬಂದರು. ಒಂದು ತೊಟ್ಟಿಗೆ ಒಂದು ಜಾತಿಯದು ಒಂದೇ ಸಾಕು, ಬೇರೆ ಬೇರೆಯಾದರೆ ಒಂದರ ದಾರಿಗೆ ಇನ್ನೊಂದು ಬರುವುದಿಲ್ಲ ಎಂದರಂತೆ. ನಮ್ಮವರು ಇದನ್ನು ಊರಿನವರಿಗೆಲ್ಲ ಹೇಳಿ ಹೇಳಿ ನಗಿಸಿದರು. ಆದರೆ ಅಲ್ಲಿಂದಾಚೆಗೆ ಮೀನು ಆರಿಸುವುದೇ ಅವರಿಗೆ ದೊಡ್ಡ ವಿದ್ಯೆಯಾಯಿತು. ಬಣ್ಣ ನೋಡಬಾರದು, ಬಾಯಿ ನೋಡಬೇಕು ಎನ್ನುತ್ತಿದ್ದರು. ಬಾಯಿ ಮೇಲಕ್ಕೆ ತಿರುಗಿದ್ದರೆ ಅದು ನೀರಿನ ಮೇಲ್ಭಾಗದಲ್ಲಿ ತಿನ್ನುವುದು, ಕೆಳಕ್ಕಿದ್ದರೆ ಮರಳು ಕೆದಕುವುದು. ಇಬ್ಬರಿಗೂ ತಟ್ಟೆ ಬೇರೆ, ಹಾಗಾಗಿ ತಕರಾರಿಲ್ಲ. ಬಾಯಿಯ ಅಗಲವನ್ನೂ ಅಳೆಯಬೇಕು. ಜೊತೆಯವನು ಅದರೊಳಗೆ ಹಿಡಿಸದಿದ್ದರೆ ಮಾತ್ರ ನೆಂಟ, ಹಿಡಿಸಿದರೆ ಊಟ. ನಿದ್ದೆ ಎಲ್ಲಿ ಮಾಡುತ್ತದೆ, ಹೆದರಿದರೆ ಎಲ್ಲಿಗೆ ಓಡುತ್ತದೆ ಎಂಬುದನ್ನೂ ವಿಚಾರಿಸಬೇಕು. ಈ ಪ್ರಶ್ನೆಗಳನ್ನೆಲ್ಲ ಕೇಳಿ ಮದುವೆ ಮಾಡುವ ಪದ್ಧತಿ ನಮ್ಮಲ್ಲಿದ್ದಿದ್ದರೆ ಏನಾಗುತ್ತಿತ್ತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಹೆದರಿದರೆ ನಾನು ಎಲ್ಲಿಗೆ ಓಡುತ್ತೇನೆಂದು ನನ್ನನ್ನು ನೋಡಲು ಬಂದವರು ಯಾರೂ ಕೇಳಲಿಲ್ಲ.

ಹೀಗೆ ಆರಿಸಿ ಆರಿಸಿ, ಕಪ್ಪು ಪಟ್ಟೆಯ ಮೀನೊಂದು, ತಳದಲ್ಲಿ ಮರಳು ಜರಡಿ ಹಿಡಿಯುತ್ತ ಕೂರುವ ಬೂದು ಬಣ್ಣದ್ದೊಂದು, ಶಂಖದೊಳಗೆ ಮನೆ ಮಾಡಿದ್ದ ಒಂದು ಏಡಿ, ಇಷ್ಟು ಬಂದು ಸೇರಿದವು. ನೂಲು ಬಿಚ್ಚಿದ ಗೂಡಿನಲ್ಲಿ ಉಳಿಯುವ ಹುಳವನ್ನು ಒಣಗಿಸಿ ಪುಡಿ ಮಾಡಿ ಚಿಟಿಕೆಯಷ್ಟು ಹಾಕುತ್ತಿದ್ದೆವು. ಹೆಚ್ಚಾದರೆ ನೀರಿನ ಮೇಲೆ ಎಣ್ಣೆ ಕಟ್ಟುತ್ತಿತ್ತು. ನೀರು ಆವಿಯಾಗಿ ಇಳಿದಾಗ ಬರೀ ಬಾವಿಯ ನೀರು ಸೇರಿಸಬೇಕು, ಉಪ್ಪುನೀರಲ್ಲ, ಯಾಕೆಂದರೆ ಹೋಗುವುದು ನೀರು ಮಾತ್ರ, ಉಪ್ಪು ಇದ್ದಲ್ಲೇ ಇರುತ್ತದೆ. ಕರೆಂಟು ಹೋದಾಗ ಗಾಳಿಯಾಡಲೆಂದು ಚೊಂಬಿನಲ್ಲಿ ನೀರೆತ್ತಿ ಮೇಲಿನಿಂದ ಸುರಿಯುವ ಕೆಲಸವನ್ನು ಅತ್ತೆ ತಾವಾಗಿಯೇ ವಹಿಸಿಕೊಂಡಿದ್ದರು. ಬಿಸಿ ಹಾಲು ಆರಿಸುವ ಕೈ ಅವರದು, ಒಂದು ಹನಿ ಆಚೆ ಚೆಲ್ಲುತ್ತಿರಲಿಲ್ಲ.

ಆದರೂ ಒಂದು ತೊಂದರೆ ಉಳಿದೇ ಇತ್ತು. ಪೊಟರೆ ಗೆದ್ದ ನೀಲಿ ಮೀನು, ಹೊಸದಾಗಿ ಬಂದ ಪಟ್ಟೆ ಮೀನನ್ನು ಬಂಡೆಯ ಹತ್ತಿರಕ್ಕೇ ಬಿಡುತ್ತಿರಲಿಲ್ಲ. ಪಟ್ಟೆಯದು ದಿನವಿಡೀ ಗಾಜಿನ ಮೂಲೆಯಲ್ಲಿ ತಲೆ ಮೇಲೆ ಮಾಡಿಕೊಂಡು ನಿಂತಿರುತ್ತಿತ್ತು.

"ಪಾಪ, ಅತ್ತೆ, ಅದಕ್ಕೆ ತಿನ್ನೋಕೂ ಬಿಡಲ್ಲ ನೋಡಿ," ಎಂದೆ ಒಮ್ಮೆ.

"ಅದ್ರಲ್ಲಿ ಏನ್ ತಪ್ಪಿದೆ? ಮೊದ್ಲು ಬಂದಿದ್ದು ಅದು ತಾನೇ," ಎಂದರು ಅತ್ತೆ ನನ್ನ ಕಡೆ ನೋಡದೆ. "ಆಮೇಲ್ ಬಂದೋರು ಆಮೇಲ್ ಬಂದೋರ ಥರಾನೇ ಇರಬೇಕು."

ನಮ್ಮವರು ಇಬ್ಬರ ಮುಖವನ್ನೂ ನೋಡಿ, ಗಾಜು ಒರೆಸುವ ನೆಪದಲ್ಲಿ ಆ ಕಡೆ ತಿರುಗಿಕೊಂಡರು. ಮನೆಯಲ್ಲಿ ಎರಡು ಒಲೆಯಿತ್ತು, ಅತ್ತೆಯ ಮಣ್ಣಿನ ಒಲೆ, ನನ್ನ ಸೀಮೆಎಣ್ಣೆ ಸ್ಟೌವು. ಅವರ ಮುದ್ದೆ ಅತ್ತೆಯದು, ಅವರ ಕಾಫಿ ನನ್ನದು. ಅವರು ಊಟಕ್ಕೆ ಕೂರುವ ಮಣೆಯ ಎಡಕ್ಕೆ ಅತ್ತೆ, ಬಲಕ್ಕೆ ನಾನು. ಸಾರು ಬಡಿಸುವ ಸೌಟಿಗೆ ಇಬ್ಬರೂ ಒಟ್ಟಿಗೆ ಕೈಹಾಕಿ, ಇಬ್ಬರೂ ಬಿಟ್ಟು, ಕೊನೆಗೆ ಅವರೇ ಬಡಿಸಿಕೊಂಡ ದಿನಗಳುಂಟು. ಮಕ್ಕಳಿರಲಿಲ್ಲವಾಗಿ ಜಗಳಕ್ಕೆ ಬೇರೆ ವಿಷಯವೂ ಸಿಗಲಿಲ್ಲ.

ಒಂದು ದಿನ ಬೆಳಗ್ಗೆ ಎದೆ ಒತ್ತುತ್ತಿದೆ ಎಂದ ನಮ್ಮವರು ಆಸ್ಪತ್ರೆಯ ದಾರಿಯಲ್ಲೇ ಹೋಗಿಬಿಟ್ಟರು. ಅದನ್ನು ಇದಕ್ಕಿಂತ ಉದ್ದವಾಗಿ ಬರೆಯಲು ನನಗೆ ಬರುವುದಿಲ್ಲ.

ಮಣ್ಣು ಮಾಡಿ ಬಂದ ಗಂಡಸರು ಸ್ನಾನ ಮಾಡಿದ ಮೇಲೆ ಮನೆ ತೊಳೆಯುವ ಕೆಲಸ ಶುರುವಾಯಿತು. ಸಾವಾದ ಮನೆಯಲ್ಲಿ ತುಂಬಿಟ್ಟ ನೀರನ್ನು ಉಳಿಸಿಕೊಳ್ಳುವುದಿಲ್ಲ, ಎಲ್ಲ ಚೆಲ್ಲಿ ಪಾತ್ರೆ ಬೋರಲು ಹಾಕಬೇಕು. ಗುಡಾಣ, ಹಂಡೆ, ಬಿಂದಿಗೆ, ದೇವರ ಮುಂದಿನ ಚೊಂಬು, ಒಂದನ್ನೂ ಬಿಡದೆ ಖಾಲಿ ಮಾಡುತ್ತ ಬಂದ ನಮ್ಮ ಚಿಕ್ಕಮಾವ, ಅಂದರೆ ಅತ್ತೆಯ ಮೈದುನ ಮರಿಯಪ್ಪನವರು, ಕೊನೆಗೆ ತೊಟ್ಟಿಯ ಮುಂದೆ ನಿಂತರು. ಅವರದೇನೂ ಕೆಟ್ಟ ಮನಸ್ಸಲ್ಲ. ಪಂಚೆ ಎತ್ತಿಕಟ್ಟಿ, ಒಳಗಿದ್ದ ಬಂಡೆಗಳನ್ನೆಲ್ಲ ಎತ್ತಿ ನೆಲಕ್ಕಿಟ್ಟು, ಬಕೆಟಿನಲ್ಲಿ ಮೊಗೆಯತೊಡಗಿದರು. ನಾನು ಗೋಡೆಗೊರಗಿ ಕೂತಿದ್ದೆ. ಬೇಡ ಎನ್ನಬೇಕೆಂದು ಬಾಯಿ ತೆರೆದೆ, ಧ್ವನಿ ಹೊರಡಲಿಲ್ಲ. ನೀರು ಅರ್ಧಕ್ಕಿಳಿಯಿತು. ಮೀನುಗಳು ತಳದಲ್ಲಿ ಒತ್ತೊತ್ತಾಗಿ ಸೇರಿದ್ದವು. ಮನಸ್ಸಿನಲ್ಲಿ ಒಂದೇ ಮಾತು: ಇನ್ನು ನಾಲ್ಕು ಬಕೆಟಾದರೆ ನಮ್ಮವರ ಕೈ ಮುಟ್ಟಿದ್ದು ಏನೂ ಇರುವುದಿಲ್ಲ.

"ಏನಪ್ಪಾ ಮರಿಯಪ್ಪ, ಅದ್ಯಾಕೆ ಚೆಲ್ತಿದೀಯ?"

ಒಳಗಿನಿಂದ ಬಂದ ಅತ್ತೆಯ ದನಿ. ಬೆಳಗ್ಗೆಯಿಂದ ಅತ್ತು ಒಡೆದಿತ್ತು.

"ಮನೇಲಿದ್ದ ನೀರಲ್ವ ಅತ್ತಿಗೆ? ಮೈಲಿಗೆ ಆಗೋಗಿರುತ್ತೆ."

"ಅದು ಮನೆ ನೀರಲ್ಲ ಕಣಪ್ಪ, ಸಮುದ್ರ. ಊರಿನ ಸೂತಕ ಎಲ್ಲ ಕಳ್ಕೊಳ್ಳೋಕೆ ಜನ ಅದರಲ್ಲೇ ಹೋಗಿ ಮುಳುಗ್ತಾರೆ. ಅದಕ್ಕೆ ಯಾವ ಸೂತಕ?"

ಚಿಕ್ಕಮಾವ ಬಕೆಟು ಹಿಡಿದು ನಿಂತೇ ಇದ್ದರು. ಅಲ್ಲಿದ್ದ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈ ಊರಿನಲ್ಲಿ ಸಮುದ್ರವಿದ್ದ ಮನೆಯಲ್ಲಿ ಅದಕ್ಕೆ ಮುಂಚೆ ಯಾರೂ ಸತ್ತಿರಲಿಲ್ಲ. "ಆಯ್ತು ಬಿಡಿ, ನೀವೇ ಹೇಳಿದ ಮೇಲೆ," ಎಂದು ಚಿಕ್ಕಮಾವ ಬಕೆಟಿನಲ್ಲಿದ್ದುದನ್ನು ಹಿಂದಕ್ಕೆ ಸುರಿದರು. ಬಂಡೆಗಳನ್ನೂ ಹೇಗೆ ಕೈಗೆ ಸಿಕ್ಕಿತೋ ಹಾಗೆ ಒಳಗಿಟ್ಟರು, ದೊಡ್ಡದು ಈ ಮೂಲೆಗೆ, ಸಣ್ಣವು ಆ ಮೂಲೆಗೆ, ಪೊಟರೆಯ ಬಾಯಿ ಗಾಜಿನ ಕಡೆಗೆ.

ಸಮುದ್ರದಂಥ ಸಮುದ್ರವೇ ಅರ್ಧವಾಗಿತ್ತು. ಇದ್ದ ಇಷ್ಟು ನೀರಿನಲ್ಲಿ ನೀಲಿ ಮೀನು ಪಟ್ಟೆಯದನ್ನು ಎರಡು ದಿನವೂ ಬದುಕಲು ಬಿಡುವುದಿಲ್ಲ ಎಂದೇ ನಾನು ತಿಳಿದಿದ್ದೆ. ಸೂತಕದ ದಿನಗಳಲ್ಲಿ ಮಾಡಲು ಕೆಲಸವೇನೂ ಇರದು, ಕೂತು ನೋಡುವುದೊಂದೇ. ನೋಡುತ್ತ ಹೋದಂತೆ ಕುತೂಹಲ ಹುಟ್ಟಿತು, ದುಃಖದ ನಡುವೆಯೂ ಅದು ಹುಟ್ಟುತ್ತದೆ, ಅದಕ್ಕೆ ನಾಚಿಕೆಯಿಲ್ಲ. ನೀಲಿ ಮೀನು ತನ್ನ ಪೊಟರೆಯನ್ನು ಹುಡುಕುತ್ತಿತ್ತು. ಮೊದಲು ಇದ್ದ ಜಾಗಕ್ಕೆ ರಭಸದಿಂದ ಹೋಗಿ, ಅಲ್ಲಿ ಬರೀ ಮರಳು ಕಂಡು, ಸುಮ್ಮನೆ ನಿಂತುಬಿಡುತ್ತಿತ್ತು. ಯಾವುದನ್ನು ಕಾಯಬೇಕೆಂದು ಗೊತ್ತಿಲ್ಲದ ಮೇಲೆ ಯಾರನ್ನು ಓಡಿಸುವುದು? ಪಟ್ಟೆಯದು ಮೂಲೆ ಬಿಟ್ಟು ಹೊರಬಂತು. ಅದಕ್ಕೂ ಜಾಗ ಗೊತ್ತಿರಲಿಲ್ಲ. ಎರಡೂ ಹೊಸದಾಗಿ ಊರಿಗೆ ಬಂದವರ ಹಾಗೆ ಬಂಡೆ ಬಂಡೆಗೂ ಮೂತಿ ತಾಗಿಸುತ್ತ ತಿರುಗಿದವು. ಖಾದರ್ ಸಾಹೇಬರು ಮುಂದಿನ ಲೋಡಿನಲ್ಲಿ ಯಾರೂ ಹೇಳದೆಯೇ ನೀರು ತಂದು ಇಳಿಸುವ ಹೊತ್ತಿಗೆ ನೀಲಿ ಒಂದು ಸಂದಿಯಲ್ಲಿ, ಪಟ್ಟೆ ಇನ್ನೊಂದು ಸಂದಿಯಲ್ಲಿ ಮನೆ ಹೂಡಿದ್ದವು.

ಮೀನು ನೋಡಿ ಮನುಷ್ಯರು ಬುದ್ಧಿ ಕಲಿಯಬೇಕೆಂದು ನಾನು ಹೇಳಲಾರೆ; ಮೀನಿಗೆ ಸತ್ತವರ ನೆನಪು ಇರುವುದಿಲ್ಲ, ನಮಗೆ ಇರುತ್ತದೆ. ನಾನೂ ಅತ್ತೆಯೂ ಊಟಕ್ಕೆ ಕೂತಾಗ ಅದೇ ಎಡಕ್ಕೆ ಅತ್ತೆ, ಅದೇ ಬಲಕ್ಕೆ ನಾನು, ನಡುವೆ ನಮ್ಮವರು ಕೂರುತ್ತಿದ್ದ ಬರಿಯ ನೆಲ. ಆ ನೆಲದ ಮೇಲೆ ಕಣ್ಣಿಟ್ಟು ತುತ್ತು ನುಂಗುವುದು ಇಬ್ಬರಿಗೂ ಆಗುತ್ತಿರಲಿಲ್ಲ. ಬೆಳಗ್ಗೆ ಎದ್ದು ಅತ್ತೆ ತಮ್ಮ ಒಲೆ ಹಚ್ಚುತ್ತಿದ್ದರು, ನಾನು ನನ್ನ ಸ್ಟೌವು. ಯಾರಿಗೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಉಪ್ಪು ಹೆಚ್ಚಾಯಿತು, ನೀರು ಚೆಲ್ಲಿತು ಎಂದು ಮಾತು ಬೆಳೆಯುತ್ತಿತ್ತು. ತೊಟ್ಟಿ ಖಾಲಿಯಾಗುತ್ತಿದ್ದ ಅವತ್ತು ನನ್ನ ಬಾಯಿಂದ ಹೊರಡದ ಮಾತನ್ನು ಅತ್ತೆಯೇ ಆಡಿದ್ದರೆಂಬುದನ್ನು ನಾನು ಮರೆತಿರಲಿಲ್ಲ, ಆದರೆ ಅದನ್ನು ಹೇಳುವ ಬಗೆ ತಿಳಿದಿರಲಿಲ್ಲ.

ತಿಂಗಳು ತುಂಬಿದ ಮೇಲೆ ಅಣ್ಣ ತೂಬಗೆರೆಯಿಂದ ಬಂದ. ಅತ್ತೆ ನನ್ನ ಟ್ರಂಕನ್ನು ಆಗಲೇ ಒರೆಸಿ ಬಾಗಿಲ ಹತ್ತಿರ ಇಟ್ಟಿದ್ದರು.

"ಕರ್ಕೊಂಡ್ ಹೋಗಪ್ಪ. ನನ್ ಜೊತೆ ಬಾಳೋದು ಕಷ್ಟ ಅಂತ ನನಗೂ ಗೊತ್ತು. ಇಷ್ಟು ವರ್ಷ ಅವನು ಮಧ್ಯೆ ಇದ್ದ, ನಡೀತು."

"ಹಂಗೆಲ್ಲ ಅನ್ಬೇಡಿ ಅತ್ತೆಮ್ಮ," ಎಂದ ಅಣ್ಣ, ಕಾಲು ನೋಡಿಕೊಂಡು. ಆಮೇಲೆ ನನಗೆ, "ಹೊರಡ್ತೀಯೇನಮ್ಮ? ಬಸ್ಸಿಗೆ ಹೊತ್ತಾಗುತ್ತೆ."

ನಾನು ಟ್ರಂಕಿನ ಹಿಡಿಗೆ ಕೈಹಾಕಿದೆ. ಕಣ್ಣು ತೊಟ್ಟಿಯ ಕಡೆ ಹೋಯಿತು; ಜಾಗ ಬದಲಾದ ಬಂಡೆಗಳ ನಡುವೆ ನೀಲಿಯೂ ಪಟ್ಟೆಯೂ ತಮ್ಮ ತಮ್ಮ ಸಂದಿಯಲ್ಲಿದ್ದವು. ಅದನ್ನೆತ್ತಿ ಎಲ್ಲಿಗೆ ಒಯ್ಯಬೇಕೆಂದು ಆ ಕ್ಷಣದವರೆಗೂ ನಿಜವಾಗಿ ತಿಳಿದಿರಲಿಲ್ಲ. ಎತ್ತಿ ಒಳಗೆ, ಅತ್ತೆಯ ಹಾಸಿಗೆ ಇರುತ್ತಿದ್ದ ಮೂಲೆಗೆ ತಂದಿಟ್ಟೆ.

"ಅಣ್ಣಾ, ಬಸ್ಸು ಇನ್ನೊಂದು ಬರುತ್ತೆ. ಮೊದ್ಲು ಕೋಣೇಲಿರೋ ಮಂಚ ಪಡಸಾಲೆಗೆ ತರೋಕೆ ಒಂದ್ ಕೈ ಹಾಕು. ರಾಗಿ ಮೂಟೆ ಕೋಣೆಗೆ ಹೋಗ್ಲಿ."

"ಏನೇ ಇದು?" ಎಂದರು ಅತ್ತೆ. "ಹುಚ್ಚು ಹಿಡೀತಾ?"

"ಸ್ವಲ್ಪ ಸರೀರಿ ಅತ್ತೆ, ನಿಮ್ ಕಾಲ ಮೇಲೆ ಬೀಳುತ್ತೆ."

ಅಣ್ಣ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಮಂಚ ಬಂತು, ಮೂಟೆ ಹೋಯಿತು, ಮಣೆಗಳು ಅಡುಗೆಮನೆಯಿಂದ ಹಿತ್ತಿಲ ಬಾಗಿಲ ಬಳಿಗೆ ಬಂದವು, ಸ್ಟೌವು ಒಲೆಯ ಪಕ್ಕಕ್ಕೇ ಸೇರಿತು. ಬೇಡ, ಅದನ್ನಲ್ಲಿ ಇಡಬೇಡ, ಬೆಳಕಿಗೆ ಅಡ್ಡವಾಗುತ್ತೆ ಎಂದು ಮೊದಲು ಗದರಿದ ಅತ್ತೆ ಕೊನೆಕೊನೆಗೆ ತಾವೇ ಒಂದು ತುದಿ ಹಿಡಿದಿದ್ದರು. ಮಧ್ಯಾಹ್ನ ಅಣ್ಣ ಉಂಡು ಒಬ್ಬನೇ ಬಸ್ಸು ಹತ್ತಿದ.

ಸಂಜೆ ಒಂದೇ ಸ್ಟೌವಿನ ಮೇಲೆ ಎರಡು ಲೋಟ ಕಾಫಿ ಮಾಡಿ ತಂದೆ. ಅತ್ತೆ ಪಡಸಾಲೆಯ ನಡುವೆ ನಿಂತು ಸುತ್ತ ನೋಡುತ್ತಿದ್ದರು.

"ಎಲ್ಲಿ ಕೂತ್ಕೊಳ್ಳೋದು ಅಂತಾನೇ ಗೊತ್ತಾಗ್ತಿಲ್ಲ ಕಣೇ ನನಗೆ."

"ನನಗೂ ಗೊತ್ತಾಗ್ತಿಲ್ಲ ಅತ್ತೆ."

ಅವರು ಲೋಟ ತೆಗೆದುಕೊಂಡರು. ಅವತ್ತಿನ ಕಾಫಿಯನ್ನು ಇಬ್ಬರೂ ನಿಂತುಕೊಂಡೇ ಕುಡಿದೆವು.