ಸಿಲಿಂಡರ್ ಹೆಡ್ಡಿಗೆ ಹೂವಿನ ಅಪ್ಪಣೆ

...ಕಬ್ಬಿಣದ ಹೆಡ್ ಹೆಚ್ಚು ತಾಳುತ್ತದೆ, ಅಲ್ಯೂಮಿನಿಯಂದು ಬೇಗ ತಣಿಯುತ್ತದೆ ಎಂದೇನೋ ಮೆಕ್ಯಾನಿಕ್ ಸೆಲ್ವ ಹೇಳಿದ್ದ, ಗೆಳೆಯರೇ. ಗೆಟ್ಟವಾಡಿಯ ಸಿದ್ದರಾಜು ತನ್ನ ಜೀಪಿನ ಟರ್ಬೊ ಎಂಜಿನ್ನಿಗೆ ಇನ್ನಷ್ಟು ಬಲ ಕೊಡಿಸಿದ್ದ. ದಿಂಬಂ ಘಾಟಿಯಲ್ಲಿ ಅದರ ಹೆಡ್, ಅಂದರೆ ಎಂಜಿನ್ನಿನ ಮೇಲಿನ ಮುಚ್ಚಳ, ಬಿರುಕು ಬಿಟ್ಟಿತು. ಅವನು ಬೆಳೆದ ಎಲೆಕೋಸು ನಾಳೆ ಮಾರ್ಕೆಟ್ಟಿಗೆ ಇಳಿಯದಿದ್ದರೆ ಕೊಳೆಯುತ್ತದೆ. ಸೆಲ್ವ ಕೊಯಮತ್ತೂರಿನಿಂದ ಬೇರೆ ಬೇರೆ ಕಂಪನಿಗಳ ಎರಡು ಹೆಡ್ ತಂದ, ಒಂದು ಕಬ್ಬಿಣದ್ದು, ಒಂದು ಅಲ್ಯೂಮಿನಿಯಂದು. ಯಾವುದೆಂದು ತೀರ್ಮಾನವಾಗದೆ, ಇಂದು ಬೆಳಿಗ್ಗೆ ಎರಡನ್ನೂ ಗುಡಿಯಲ್ಲಿ ಮಾದಪ್ಪನ ಮುಂದಿಟ್ಟು, ದೇವರ ತಲೆಯ ಮೇಲೆ ಹೂವಿಟ್ಟು ಅಪ್ಪಣೆ ಕೇಳಿದರು. ಬಲಕ್ಕೆ ಬಿದ್ದರೆ ಅಲ್ಯೂಮಿನಿಯಂ, ಎಡಕ್ಕೆ ಬಿದ್ದರೆ ಕಬ್ಬಿಣ.

ಒಂದು ಗಂಟೆಯಾದರೂ ಹೂ ಕದಲಲಿಲ್ಲ.

"ಸ್ವಾಮಿಗೆ ಎರಡೂ ಒಪ್ಗೆ ಇಲ್ಲ ಕಣ್ಲಾ ಸಿದ್ದ," ಎಂದರು ಪೂಜಾರಪ್ಪ.

"ಅಂಗಂದ್ಬುಟ್ರೆ ನನ್ ಕೋಸ ಮಾದಪ್ಪನೇ ಒತ್ಕೊಂಡೋದಾನಾ?" ಸಿದ್ದರಾಜು ಅಳುವಂತಾದ.

ಸೆಲ್ವ ಸದ್ದಿಲ್ಲದೆ ಎದ್ದು ಎಡಗೋಡೆಯ ಫ್ಯಾನ್ ಹಾಕಿದ. ಹೂ ಬಲಕ್ಕೆ ಬಿತ್ತು.

"ಕೊಟ್ಬುಟ್ಟ ಕಣಪ್ಪಾ!" ಎಂದು ಸಿದ್ದರಾಜು ಅಡ್ಡಬಿದ್ದ. ಪೂಜಾರಪ್ಪ ಅಲ್ಯೂಮಿನಿಯಂ ಹೆಡ್ಡಿಗೆ ವಿಭೂತಿ ಬಳಿದರು. ಫ್ಯಾನ್ ಹಾಕಿದ್ದನ್ನು ಕಂಡೂ ನಾನೂ ಕೈಮುಗಿದೆ. ಅಷ್ಟು ಹೊತ್ತಿಗೆ ನನಗೂ ಒಂದು ತೀರ್ಮಾನ ಬೇಕಾಗಿತ್ತು.

ಈ ಹೆಡ್ ರೂಪಿಸಿದ ಎಂಜಿನಿಯರ್ ಮಹಾಶಯರೇ, ಇದರೊಳಗೆ ಗಾಳಿ ಊದಿ, ಅದು ಎಷ್ಟು ಸಲೀಸಾಗಿ ಹರಿಯುತ್ತದೆಂದು ನೀವೂ ಪರೀಕ್ಷೆ ಮಾಡುತ್ತೀರಂತೆ. ನಿಮ್ಮಲ್ಲಿ ಫ್ಯಾನ್ ಹಾಕುವವರು ಯಾರು?