ನಳದುರ್ಗದ ಕಟ್ಟೆಯ ಮೇಲೆ ನಿಂತ ದೇವರ ಟಗರು

ನಾನು ಚಿಕ್ಕವಳಿದ್ದಾಗ, ಮಳೆಗಾಲ ಬಂತೆಂದರೆ ನಮ್ಮ ಮನೆಯೇ ಎದ್ದು ನಡೆಯುತ್ತಿತ್ತು. ನಗಬೇಡಿ ಮಕ್ಕಳೇ, ಇದ್ದದ್ದನ್ನೇ ಹೇಳುತ್ತಿದ್ದೇನೆ. ಅಕ್ಕಲಕೋಟೆಯ ಹತ್ತಿರದ ನಮ್ಮ ಊರಿನದು ಎರೆ ಮಣ್ಣು. ಎರಡು ಮಳೆ ಬಿದ್ದರೆ ಸಾಕು, ಇಟ್ಟ ಕಾಲು ಕೀಳಲು ಬರುತ್ತಿರಲಿಲ್ಲ. ಆ ಕೆಸರಿನಲ್ಲಿ ನಿಂತರೆ ಕುರಿಗಳ ಗೊರಸು ಕೊಳೆಯುತ್ತದೆ. ಅದಕ್ಕೇ ಅಪ್ಪ ಕುರಿಗಳನ್ನು ಹೊಡೆದುಕೊಂಡು, ಅವ್ವ ಕುದುರೆಯ ಮೇಲೆ ಗಡಿಗೆ, ಕಂಬಳಿ, ಕೋಳಿ ಎಲ್ಲ ಹೇರಿಕೊಂಡು ಕಲ್ಲುನೆಲದ ಗುಡ್ಡಗಳ ಕಡೆಗೆ ಹೊರಡುತ್ತಿದ್ದರು. ಹಿಂದೆ ಅಕ್ಕ ಮತ್ತು ನಾನು. ಅಕ್ಕನಿಗೆ ಹದಿನೇಳು, ನನಗೆ ಎಂಟು.

ಆ ವರ್ಷ ನಾವು ಹೋದದ್ದು ನಳದುರ್ಗಕ್ಕೆ. ಸೊಲ್ಲಾಪುರದಿಂದ ಹೈದರಾಬಾದಿನ ದಾರಿ ಹಿಡಿದರೆ ಗುಡ್ಡದ ಮೇಲೆ ಸಿಗುವ ಸಣ್ಣ ಊರು ಅದು. ನಿಜಾಮರ ಆಳ್ವಿಕೆ ಮುಗಿದು ಆಗ ಕೆಲವೇ ವರ್ಷಗಳಾಗಿದ್ದವು. ಊರು ಇಷ್ಟೇ ಇಷ್ಟು, ಕೋಟೆ ಮಾತ್ರ ಕಣ್ಣು ಮುಟ್ಟುವಷ್ಟು ದೂರ. ಕಪ್ಪು ಕಲ್ಲಿನ ಗೋಡೆಗಳು, ಗೋಡೆಯ ಬಿರುಕಿನಲ್ಲಿ ಸೀತಾಫಲದ ಗಿಡಗಳು, ಎತ್ತರದ ಬುರುಜಿನ ಮೇಲೆ ಉದ್ದನೆಯ ಫಿರಂಗಿ. ಕೋಟೆಯ ನಡುವೆಯೇ ಬೋರಿ ನದಿ ಹರಿಯುತ್ತದೆ. ಹಿಂದಿನ ಸುಲ್ತಾನರು ಅದಕ್ಕೆ ಅಡ್ಡವಾಗಿ ಕಲ್ಲಿನ ಕಟ್ಟೆ ಕಟ್ಟಿಸಿ, ಆ ಕಟ್ಟೆಯ ಹೊಟ್ಟೆಯೊಳಗೇ ಒಂದು ಮಹಲು ಮಾಡಿಸಿದ್ದಾರೆ. ಮಳೆಗಾಲದಲ್ಲಿ ಕಟ್ಟೆಯಿಂದ ಎರಡು ಧಾರೆ ಧುಮುಕುತ್ತವೆ. ಒಂದನ್ನು ಗಂಡು ಧಾರೆ, ಇನ್ನೊಂದನ್ನು ಹೆಣ್ಣು ಧಾರೆ ಎನ್ನುತ್ತಾರೆ. ಮಹಲಿನ ಕಿಟಕಿಯಲ್ಲಿ ಕೂತರೆ ಕಣ್ಣ ಮುಂದೆ ನೀರು ಬೀಳುತ್ತಿದ್ದರೂ ಮೈ ಒದ್ದೆಯಾಗುವುದಿಲ್ಲವಂತೆ. ಇದನ್ನು ಕೇಳಿದ ದಿನದಿಂದ ಅಕ್ಕನಿಗೆ ಅದೊಂದೇ ಧ್ಯಾನ. ದೀಪಾವಳಿ ಕಳೆದರೆ ಅವಳ ಮದುವೆ. ಸೊಲ್ಲಾಪುರದ ಮನೆತನ, ಅವರೂ ನಮ್ಮಂತೆ ಕುರುಬರ ದೇವರು ಬೀರಪ್ಪನ ಒಕ್ಕಲು, ನೇಮ ನಿಷ್ಠೆಯಲ್ಲಿ ನಮಗಿಂತ ಒಂದು ಕೈ ಮೇಲೆ. ಕುರಿಗಳ ಹಿಂದೆ ಅವಳು ತಿರುಗುವುದು ಅದೇ ಕೊನೆಯ ಮಳೆಗಾಲವಾಗಿತ್ತು.

ಈಗ ದೇವರ ಟಗರಿನ ಮಾತು ಹೇಳಲೇಬೇಕು. ನಮ್ಮ ಹಿಂಡಿನಲ್ಲಿ ಬೀರಪ್ಪನಿಗೆ ಬಿಟ್ಟ ಒಂದು ಟಗರು ಇತ್ತು. ಅದನ್ನು ಕಟ್ಟುವಂತಿಲ್ಲ, ಅದರ ಉಣ್ಣೆ ಕತ್ತರಿಸುವಂತಿಲ್ಲ, ಕೋಲು ಎತ್ತುವ ಮಾತಂತೂ ಇಲ್ಲವೇ ಇಲ್ಲ. ಅದಕ್ಕೆ ಹೊಡೆದರೆ ದೇವರಿಗೇ ಹೊಡೆದಂತೆ. ಅದು ಎಲ್ಲಿ ಹೊರಟಿತೋ ಹಿಂಡು ಅಲ್ಲಿ, ಹಿಂಡಿನ ಹಿಂದೆ ನಾವು. ಸುರುಳಿ ಕೊಂಬಿನ, ಹಳದಿ ಕಣ್ಣಿನ ಆ ಟಗರನ್ನು ಕಂಡರೆ ನನಗೆ ಭಯ. ನಮ್ಮ ಅಪ್ಪನಿಗೆ, ಅಂದರೆ ನಿಮ್ಮ ಮುತ್ತಜ್ಜನಿಗೆ ಮಾತ್ರ ಅದು ಹೆಂಡತಿ ಮಕ್ಕಳಿಗಿಂತ ಹೆಚ್ಚು. ಸಿಟ್ಟಿನಿಂದ ಹೇಳುತ್ತಿದ್ದೇನೆ ಅಂದುಕೊಂಡಿರಾ? ಹೌದು, ಸಿಟ್ಟಿನಿಂದಲೇ.

ಆ ದಿನ ಬೆಳಿಗ್ಗೆ ಅವ್ವ ಎಳೆಯ ಮರಿಗಳನ್ನು ನೋಡಿಕೊಂಡು ಬಿಡಾರದಲ್ಲೇ ಉಳಿದಳು. ನಾವು ಮೂವರು ಕುರಿಗಳ ಜೊತೆ ಕೋಟೆಯೊಳಗೆ ಬಂದೆವು. ದಿನವೂ ಗೋಡೆಯ ಮೇಲೆ ಕೂತು ಹಲ್ಲು ಕಿರಿಯುತ್ತಿದ್ದ ಮಂಗಗಳು ಅಂದು ಒಂದೂ ಇರಲಿಲ್ಲ. ಇರುವೆಗಳು ಬಿಳಿ ಮೊಟ್ಟೆ ಕಚ್ಚಿಕೊಂಡು ಸಾಲಾಗಿ ಗೋಡೆ ಹತ್ತುತ್ತಿದ್ದವು. ಗಾಳಿ ನಿಂತೇ ಹೋಗಿತ್ತು. ಕಟ್ಟೆಯ ಹತ್ತಿರ ಹುಲ್ಲು ಕೊಯ್ಯುತ್ತಿದ್ದ ಆ ಊರಿನ ಮುದುಕನೊಬ್ಬ ನಮ್ಮನ್ನು ಕಂಡು ಕುಡುಗೋಲು ಕೆಳಗಿಟ್ಟ.

"ಇವತ್ತ ಆಚಿ ಕಡಿ ಹೋಗಬ್ಯಾಡಪಾ. ತುಳಜಾಪುರದ ಗುಡ್ಡದ ಮ್ಯಾಲ ನಸುಕಿನಿಂದ ಮಿಂಚಾಕತ್ತೈತಿ" ಎಂದ.

ಅಪ್ಪ ತಲೆ ಎತ್ತಿ ನೋಡಿದ. "ಆಕಾಶ ತೊಳದ ತಾಟಿನಂಗ ಐತಲ್ರಿ, ಅಜ್ಜಾರ."

"ನಿನ್ನ ನೆತ್ತಿ ಮ್ಯಾಲಿನ ಆಕಾಶ ಕೇಳಿ ಹೊಳಿ ಬರ್ತೈತೇನು? ಇದು ಗುಡ್ಡದ ಹೊಳಿ."

ಅಷ್ಟರಲ್ಲಿ ದೇವರ ಟಗರು ಕಟ್ಟೆಯ ಮೇಲೆ ಕಾಲಿಟ್ಟು, ಆಚೆ ದಡದ ಸಣ್ಣ ಕೋಟೆಯ ಕಡೆಗೆ ನಡೆದುಬಿಟ್ಟಿತು. ಹಿಂಡೂ ಹೊರಟಿತು. ಅಪ್ಪನ ಮುಖ ಅರಳಿತು.

"ಟಗರ ಹೊಂಟೈತ್ರಿ. ಬೀರಪ್ಪನ ಅಪ್ಪಣಿ ಆದಂಗ ಆತು" ಎಂದು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ. ನಾನು ತಿರುಗಿ ತಿರುಗಿ ನೋಡಿದೆ. ಮುದುಕ ಹುಲ್ಲಿನ ಹೊರೆಯನ್ನು ಅರ್ಧಕ್ಕೇ ಕಟ್ಟಿ, ಮೇಲಿನ ಗೋಡೆಯ ಕಡೆಗೆ ಹತ್ತುತ್ತಿದ್ದ.

ಆಚೆ ಕಡೆ ಹುಲ್ಲು ಚೆನ್ನಾಗಿತ್ತು. ಆದರೂ ಕುರಿಗಳು ಮೇಯಲು ಮನಸ್ಸು ಮಾಡಲಿಲ್ಲ. ತಲೆ ತಗ್ಗಿಸಿ, ಒಂದರ ಹೊಟ್ಟೆಗೆ ಒಂದು ಮುಖ ಒತ್ತಿಕೊಂಡು ಗುಂಪಾಗಿ ನಿಂತವು. ನಾವು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಬಿಚ್ಚಿದೆವು. ನಾನು ನನ್ನ ರೊಟ್ಟಿಯನ್ನು ಬಟ್ಟೆಯಲ್ಲೇ ಸುತ್ತಿಟ್ಟೆ. ಅಕ್ಕ ಮಾತ್ರ ಗಬಗಬ ತಿಂದು ಕೈ ಒರೆಸಿಕೊಂಡಳು.

"ಯಪ್ಪಾ, ಆ ಮಹಲ ನೋಡಿ ಬರ್ಲೇನು?"

"ಹೋಗ. ತಂಗೀನ್ನೂ ಕರ್ಕೊಂಡು ಹೋಗು. ಲಗೂನ ಬರ್ರಿ" ಎಂದ ಅಪ್ಪ.

ಕಟ್ಟೆಯ ನಡುವೆ ಕೆಳಗಿಳಿಯುವ ಮೆಟ್ಟಿಲುಗಳಿದ್ದವು. ಕತ್ತಲು, ಬಾವಲಿಗಳ ಘಾಟು, ಕೈಗೆ ಹತ್ತುವ ಪಾಚಿ. ಗೋಡೆ ಮುಟ್ಟಿದರೆ ಅದು ಸಣ್ಣಗೆ ನಡುಗುತ್ತಿತ್ತು. ಆಮೇಲೆ ಒಮ್ಮೆಲೇ ಬೆಳಕು! ಹೂ ಕೆತ್ತಿದ ಕಲ್ಲಿನ ಕಿಟಕಿ, ಅದರ ಪಕ್ಕದಲ್ಲೇ ಬೆಳ್ಳಗೆ ಬೀಳುವ ಧಾರೆ. ಅಕ್ಕ ಕಿಟಕಿಯಲ್ಲಿ ಕೂತು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಮದುಮಗಳಂತೆ ಸುಮ್ಮನೆ ನೋಡಿದಳು. ಅಷ್ಟು ಚೆಂದದ ಜಾಗವನ್ನು ನಾನು ಆಮೇಲೆ ಎಲ್ಲಿಯೂ ಕಂಡಿಲ್ಲ. ಅಷ್ಟು ಹೆದರಿದ್ದೂ ಇಲ್ಲ, ಏಕೆಂದರೆ ನಾವು ನೋಡುತ್ತಿದ್ದಂತೆಯೇ ಧಾರೆಯ ಬಣ್ಣ ಬದಲಾಯಿತು. ಬಿಳಿ ಹೋಗಿ ಚಹದ ಬಣ್ಣ ಬಂತು, ಆಮೇಲೆ ಕೆಂಪು ಮಣ್ಣಿನ ಬಣ್ಣ. ಒಂದು ಕೊಂಬೆ ಬಿತ್ತು. ಅದರ ಹಿಂದೆ ಯಾರದೋ ಮನೆಯ ಬಾಗಿಲು, ಚಿಲಕದ ಸಮೇತ, ಕಿಟಕಿಯ ಮುಂದೆಯೇ ಬಿದ್ದು ಹೋಯಿತು.

ಅಕ್ಕ ನನ್ನ ರಟ್ಟೆ ಹಿಡಿದು ಮೇಲಕ್ಕೆ ಎಳೆದಳು. ಕಟ್ಟೆಯ ಮೇಲೆ ಬಂದಾಗ ಅವಳು ಊರಿನ ಕಡೆಗೆ ಓಡಬಹುದಿತ್ತು. ನಾವಿಬ್ಬರೂ ಆಗಲೇ ಪಾರಾಗಿಬಿಡುತ್ತಿದ್ದೆವು. ಅವಳು ಅಪ್ಪನ ಕಡೆಗೆ ಓಡಿದಳು.

ಆಚೆ ಕಡೆ ಉಳಿಯುವಂತಿರಲಿಲ್ಲ. ಅದು ಗೋಡೆಯೊಳಗಿನ ಬೋಳು ಗುಡ್ಡ, ಹೊತ್ತು ಮುಳುಗಿದರೆ ತೋಳಗಳ ಜಾಗ. ಹೊಳೆ ಏರಿದರೆ ಎಷ್ಟು ದಿನಕ್ಕೆ ಇಳಿಯುತ್ತದೋ ಯಾರು ಬಲ್ಲರು? ಕಟ್ಟೆಯ ಕಲ್ಲು ಇನ್ನೂ ಒಣಗಿಯೇ ಇತ್ತು. ಅಪ್ಪ ಮುಂದೆ ನಡೆದ. ಅವನ ಹಿಂದೆ ದೇವರ ಟಗರು, ಹಿಂಡು, ನಡುವೆ ಅಕ್ಕ. ಎಲ್ಲಕ್ಕಿಂತ ಹಿಂದೆ, ಹಿಂಡಿನ ಜೊತೆ ಬಂದಿದ್ದ ಕುಂಟುವ ಮರಿಯೊಂದನ್ನು ಎದೆಗೆ ಅವಚಿಕೊಂಡು ನಾನು.

ಧಾರೆ ಧುಮುಕುವ ಕಂಡಿಯ ಮೇಲೆ ದಾರಿ ಕಿರಿದಾಗುತ್ತದೆ. ಅಲ್ಲಿ ಅಪ್ಪ ದಾಟಿದ. ಟಗರು ದಾಟಲಿಲ್ಲ. ಕಾಲೂರಿ ನಿಂತುಬಿಟ್ಟಿತು. ಅದು ನಿಂತ ಕೂಡಲೇ ಹಿಂಡೆಲ್ಲ ನಿಂತಿತು, ಒಂದಕ್ಕೊಂದು ಒತ್ತಿಕೊಂಡು, ಗೋಡೆ ಕಟ್ಟಿದ ಹಾಗೆ. ನನ್ನ ಕಾಲಿಗೆ ತಣ್ಣಗೆ ಏನೋ ತಾಗಿತು. ನೋಡಿದರೆ ನೀರು. ಹಿಂದೆ ತಿರುಗಿದೆ, ಬಂದ ದಾರಿಯ ಮೇಲೆ ಆಗಲೇ ಕೆಂಪು ನೀರು ಹರಿಯುತ್ತಿತ್ತು. ಅಂಚಿನಲ್ಲಿದ್ದ ಒಂದು ಕುರಿ ಜಾರಿತು. ಅದು ಕೂಗಲೂ ಇಲ್ಲ. ಆಮೇಲೆ ಇನ್ನೊಂದು.

"ಯಪ್ಪಾ!" ಎಂದು ಚೀರಿದೆ. ನೀರಿನ ಸದ್ದಿನಲ್ಲಿ ನನ್ನ ಧ್ವನಿ ನನಗೇ ಕೇಳಲಿಲ್ಲ. ಆದರೆ ಅಪ್ಪನಿಗೆ ನಾನು ಕಾಣುತ್ತಿದ್ದೆ. ನನಗೂ ಅವನು ಕಾಣುತ್ತಿದ್ದ. ಅವನು ಸೊಂಟದ ಚೀಲದಿಂದ ಭಂಡಾರದ ಅರಿಶಿನ ಪುಡಿ ತೆಗೆದು ಟಗರಿನ ಹಣೆಗೆ ಹಚ್ಚಿದ. ಕೈ ಮುಗಿದ. ಅವನ ತುಟಿ ಅಲುಗಾಡುತ್ತಿತ್ತು. ಟಗರು ಮಿಸುಕಲಿಲ್ಲ. ನೀರು ನನ್ನ ಮೀನಖಂಡಕ್ಕೆ ಬಂತು. ಅಪ್ಪನ ಕೋಲು ಅವನ ಕಂಕುಳಲ್ಲೇ ಇತ್ತು.

ಅಕ್ಕ ನನ್ನ ಕಡೆ ನೋಡಿದಳು. ಆಮೇಲೆ ಸೀರೆ ಎತ್ತಿ ಕಟ್ಟಿ, ಕುರಿಗಳ ಬೆನ್ನಿನ ಮೇಲೆ ಕೈಯೂರಿ, ಅವುಗಳ ನಡುವೆ ಈಸಿದ ಹಾಗೆ ಮುಂದಕ್ಕೆ ಹೋದಳು. ಅಲ್ಲಿ ಅವರಿಬ್ಬರು ಆಡಿದ ಮಾತನ್ನು ಅಕ್ಕ ಆಮೇಲೆ ನನಗೆ ಹೇಳಿದಳು.

"ಹೊಡಿ ಯಪ್ಪಾ! ಸಣ್ಣಾಕಿ ಹಿಂದ ಉಳದಾಳ!"

"ದೇವರ ಮ್ಯಾಲ ಕೈ ಎತ್ತಲೇನ?"

ಅಕ್ಕ ಅವನ ಕಂಕುಳಿನಿಂದ ಕೋಲು ಕಿತ್ತುಕೊಂಡು ಎತ್ತಿದಳು. ಒಂದು, ಎರಡು, ಮೂರು. ಮೂರನೆಯ ಏಟಿಗೆ ಟಗರಿನ ಕೊಂಬಿನ ತುದಿ ಮುರಿದು ಹಾರಿತು. ಟಗರು ಅಪ್ಪನನ್ನೇ ನೂಕಿಕೊಂಡು ಓಡಿತು, ಅದರ ಹಿಂದೆ ಹಿಂಡು ಕಿತ್ತುಕೊಂಡು ಓಡಿತು. ದಾರಿ ತೆರೆಯಿತು. ಅಕ್ಕ ಹಿಂದಕ್ಕೆ ಬಂದು ನನ್ನನ್ನೂ ಮರಿಯನ್ನೂ ಒಂದೇ ಕೈಯಲ್ಲಿ ಎತ್ತಿಕೊಂಡಳು. ನಾವು ದಡ ಮುಟ್ಟಿ ತಿರುಗಿ ನೋಡಿದಾಗ ಕಟ್ಟೆಯೇ ಕಾಣಲಿಲ್ಲ, ಹೊಳೆ ಮಾತ್ರ ಕಂಡಿತು.

ಬದುಕಿದೆವು ಎಂದು ಯಾರೂ ನಗಲಿಲ್ಲ. ಟಗರಿನ ಹಣೆಯಿಂದ ಭಂಡಾರದ ಮೇಲೆ ರಕ್ತ ಇಳಿಯುತ್ತಿತ್ತು. ಅಕ್ಕ ಕೋಲನ್ನು ಇನ್ನೂ ಹಿಡಿದೇ ಇದ್ದಳು. ದೇವರ ಟಗರಿಗೆ ಹೊಡೆದ ಹುಡುಗಿಯನ್ನು ಯಾವ ಮನೆಯವರು ತುಂಬಿಸಿಕೊಳ್ಳುತ್ತಾರೆ? ಎಂಟು ವರ್ಷದ ನನಗೂ ಅದು ಗೊತ್ತಿತ್ತು. ಅಪ್ಪ ಬಹಳ ಹೊತ್ತು ಟಗರಿನ ಮುಂದೆ ಕೂತಿದ್ದ. ಆಮೇಲೆ ಎದ್ದು ಬಂದು ಅಕ್ಕನ ಕೈಯಿಂದ ಕೋಲು ತೆಗೆದುಕೊಂಡ.

"ನೀ ಹೊಡದಿಲ್ಲ. ನಾ ಹೊಡದೀನಿ. ತಿಳೀತೇನು?" ಎಂದ. ನನ್ನ ಕಡೆಗೂ ತಿರುಗಿದ. "ನಿನಗೂ ತಿಳೀತೇನವ್ವಾ?"

ಮಳೆಗಾಲ ಮುಗಿಸಿ ಊರಿಗೆ ಬಂದ ಮೂರನೆಯ ದಿನ ಹಿರಿಯರು ಬೀರಪ್ಪನ ಗುಡಿಯ ಮುಂದೆ ಕೂತರು. ಮುರಿದ ಕೊಂಬನ್ನು ಮುಚ್ಚಿಡಲು ಆಗುತ್ತದೆಯೇ? ಅಪ್ಪ ನಿಂತುಕೊಂಡು, "ನಾ ಹೊಡದೀನ್ರಿ" ಎಂದ. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎನ್ನುವ ಹಾಗೆ, ಬಾಯಿ ಇದ್ದವರೆಲ್ಲ ಒಂದೊಂದು ಮಾತು ಎಸೆದರು. ಒಬ್ಬ ಹಿರಿಯ ನನ್ನನ್ನು ಹತ್ತಿರ ಕರೆದು, "ಖರೇನೇನವ್ವಾ?" ಎಂದು ಕೇಳಿದ. ನಾನು ಹೂಂ ಎಂದು ತಲೆ ಆಡಿಸಿದೆ. ಅಂದಿನಿಂದ ಅಪ್ಪ ಗುಡಿಯ ಹೊಸಿಲು ತುಳಿಯುವಂತಿಲ್ಲ, ದೇವರ ಡೊಳ್ಳು ಮುಟ್ಟುವಂತಿಲ್ಲ ಎಂದು ತೀರ್ಮಾನವಾಯಿತು. ಆ ಡೊಳ್ಳನ್ನು ಬಾರಿಸುವುದು ನಮ್ಮ ಮನೆತನದ ಹಕ್ಕಾಗಿತ್ತು. ತಪ್ಪು ಅಪ್ಪನೊಬ್ಬನ ತಲೆಗೇ ನಿಂತದ್ದರಿಂದ, ದೀಪಾವಳಿಯ ನಂತರ ಅಕ್ಕನ ಮದುವೆ ಸಾಂಗವಾಗಿ ನಡೆಯಿತು. ಅಪ್ಪ ಸಾಯುವ ತನಕ ಗುಡಿಯ ಮುಂದಿನ ಬೇವಿನ ಮರದ ಕೆಳಗೆ, ಹೊರಗೇ ನಿಂತು ಕೈ ಮುಗಿದ. ಒಳಗೆ ಬೇರೆಯವರು ಡೊಳ್ಳು ಬಾರಿಸುವಾಗ ಅವನ ಬೆರಳುಗಳು ಧೋತರದ ಮೇಲೆ ಆಡುತ್ತಿದ್ದವು.

ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನೀರಿನಲ್ಲಿ ನಾನು ಕೂಗಿದಾಗ ಅವನು ಕೈ ಎತ್ತಬೇಕಾಗಿತ್ತು. ಆದರೆ ಆ ಬೇವಿನ ಮರವನ್ನು ನೆನೆದರೆ ಅಳು ಬರುತ್ತದೆ. ಎರಡೂ ಒಟ್ಟಿಗೇ ಬರುತ್ತವೆ, ಏನು ಮಾಡಲಿ?

ಮೊನ್ನೆ ನೀವು ನನ್ನನ್ನು ಕಾರಿನಲ್ಲಿ ನಳದುರ್ಗಕ್ಕೆ ಕರೆದುಕೊಂಡು ಹೋದಿರಿ. ನಾವು ದಿನಗಟ್ಟಲೆ ನಡೆದ ದಾರಿ ನಿಮಗೆ ಒಂದು ತಾಸು. ನೀರಿನ ಹತ್ತಿರ ಹೋಗಬೇಡಿ ಎಂದು ಹೇಳಲು ಕಾವಲುಗಾರನಿದ್ದ. ಸಂಜೆ ಮಳೆ ಬರುತ್ತದೆಂದು ನಿಮ್ಮ ಫೋನು ಮುಂಚೆಯೇ ಹೇಳಿತ್ತು. ಧಾರೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡಿರಿ. "ಅಜ್ಜಿ, ನಗು" ಎಂದಿರಿ. ನನಗೆ ನಗು ಬರಲಿಲ್ಲ, ಯಾಕೆಂದು ಕೇಳಿದಿರಿ. ಒಳ್ಳೆಯದಾಯಿತು. ನಮ್ಮ ಕಾಲದಲ್ಲಿ ಮಕ್ಕಳು ದೊಡ್ಡವರನ್ನು ಹಾಗೆ ಕೇಳುತ್ತಿರಲಿಲ್ಲ, ದೊಡ್ಡವರು ಕೇಳಿದರೆ ತಲೆ ಆಡಿಸುತ್ತಿದ್ದೆವು, ಅಷ್ಟೇ.

ಅಪ್ಪ ಹೋದ. ಹೋದ ವರ್ಷ ಅಕ್ಕನೂ ಹೋದಳು. ಇನ್ನು ಯಾರ ಮದುವೆಯೂ ಮುರಿಯುವುದಿಲ್ಲ. ಅಂದು ಗುಡಿಯ ಮುಂದೆ ಸುಳ್ಳಿಗೆ ತಲೆ ಆಡಿಸಿದ ನಾನು ಇಂದು ನಿಮ್ಮ ಮುಂದೆ ಬಾಯಿಬಿಟ್ಟು ಹೇಳುತ್ತಿದ್ದೇನೆ, ಕೇಳಿ: ನಮ್ಮ ಅಪ್ಪ ದೇವರ ಟಗರಿಗೆ ಹೊಡೆಯಲಿಲ್ಲ.