ಹುಳದ ಮನೆಗೆ ಒಗ್ಗುವ ಕ್ಯಾಮೆರಾ

ಸೀರೆ ಅಂಗಡಿಗೆ ಹೋದರೆ ಮೊದಲು ಕಣ್ಣಿಗೆ ಬಿದ್ದದ್ದನ್ನು ಕಟ್ಟಿಸಿಕೊಂಡು ಹೊರಗೆ ಬರುವವಳು ನಾನು. ಆ ಕ್ಯಾಮೆರಾ ಕೊಳ್ಳುವಾಗ ಮಾತ್ರ ಮನೆಯವರ ತಲೆ ತಿಂದುಬಿಟ್ಟೆ. ಊಟಕ್ಕೆ ಕೂತರೂ ಅದೇ ಮಾತು, ಮಲಗುವಾಗಲೂ ಫೋನಿನಲ್ಲಿ ಯಾರೋ ಒಬ್ಬ ಎರಡು ಕ್ಯಾಮೆರಾ ಅಕ್ಕಪಕ್ಕ ಇಟ್ಟುಕೊಂಡು ಮಾಡುವ ವರ್ಣನೆ. “ಮದುವೆಗೆ ಮುಂಚೆ ನನ್ನ ಬಗ್ಗೆ ಇಷ್ಟು ವಿಚಾರಿಸಿದ್ದೆಯೇನೇ?” ಅಂತ ನನ್ನ ಗಂಡ ಕೇಳಿದರು. ವಿಚಾರಿಸಿದ್ದರೆ ಒಪ್ಪುತ್ತಲೇ ಇರಲಿಲ್ಲ ಅಂದೆ.

ತಿ. ನರಸೀಪುರದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಗೃಹಪ್ರವೇಶ ಅಂತ ವೀಡಿಯೋ ತೆಗೆದುಕೊಂಡಿದ್ದವಳಿಗೆ ನಮ್ಮ ಕಡೆಯ ರೇಷ್ಮೆ ಬೆಳೆಗಾರರ ಸಂಘವೊಂದು ಬೇರೆ ಥರದ ಕೆಲಸ ಒಪ್ಪಿಸಿತು. ರೇಷ್ಮೆ ಹುಳಕ್ಕೆ ಬರುವ ರೋಗಗಳು ಯಾವುವು, ಬಾರದ ಹಾಗೆ ಏನು ಮಾಡಬೇಕು, ಇದನ್ನು ಹೊಸದಾಗಿ ಹುಳ ಸಾಕುವವರಿಗೆ ತೋರಿಸುವ ಒಂದು ವೀಡಿಯೋ. ನನಗೆ ಹಿಗ್ಗೋ ಹಿಗ್ಗು. ಧಾರೆ ಎರೆಯುವ ಕೈಗಳನ್ನು ತೆಗೆದೂ ತೆಗೆದೂ ಬೇಸರ ಬಂದಿತ್ತು.

ಆದರೆ ಮದುವೆಯ ಕ್ಯಾಮೆರಾ ಹುಳದ ಮನೆಗೆ ಆಗುವುದಿಲ್ಲ. ಅದು ಹೆಗಲ ಮೇಲೆ ಕೂರುವ ದೊಡ್ಡ ಸಾಮಾನು, ಜೊತೆಗೆ ಕಣ್ಣು ಕುಕ್ಕುವ ಲೈಟು. ಹುಳದ ಮನೆಯಲ್ಲಿ ಮಬ್ಬು ಬೆಳಕು, ಒಂದರ ಮೇಲೊಂದು ಅಂತಸ್ತು ಮಾಡಿ ಹುಳ ಬಿಟ್ಟಿರುತ್ತಾರೆ, ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಜಾಗ. ಜೋರು ಬೆಳಕು ಹಾಕಿದರೆ ಹುಳ ಮೇಯುವುದು ಬಿಟ್ಟು ಅತ್ತಿತ್ತ ಸರಿಯುತ್ತದೆ. ಅದಕ್ಕೇ ಅಂಗೈಯಲ್ಲಿ ಹಿಡಿಸುವಂಥದ್ದು ಬೇಕು, ಮಬ್ಬಿನಲ್ಲೂ ಕಾಣುವಂಥದ್ದು ಬೇಕು, ಬೇರೆ ಮೈಕು ಚುಚ್ಚಲು ತೂತು ಇರಬೇಕು, ಶೀಟಿನ ಮಾಡಿನ ಕೆಳಗೆ ಮಧ್ಯಾಹ್ನ ಕಾದು ನಿಂತುಹೋಗಬಾರದು. ಇಷ್ಟೆಲ್ಲ ಗುಣ ಇರುವ ಕ್ಯಾಮೆರಾ ಕೊನೆಗೂ ಮೈಸೂರಿನ ಅಂಗಡಿಯೊಂದರಲ್ಲಿ ಸಿಕ್ಕಿತು. ಎರಡು ಹೆಚ್ಚಿನ ಬ್ಯಾಟರಿ, ಮೈಕಿಗೆ ಗಾಳಿಯ ಸದ್ದು ತಡೆಯುವ ತುಪ್ಪಳದ ಟೋಪಿ. ಆ ಟೋಪಿ ನೋಡಿ ನನ್ನ ಗಂಡ “ಇಲಿಮರಿಗೆ ಹಾಲು ಹಾಕಿದೆಯಾ?” ಅಂತ ದಿನಾ ಕೇಳುತ್ತಿದ್ದರು.

ಕೊನೆಗೆ ಉಳಿದದ್ದು ಟ್ರೈಪಾಡ್, ಕ್ಯಾಮೆರಾ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡು. ಅಂಗಡಿಯವರು ಎರಡು ತೋರಿಸಿದರು. ಒಂದು ಬರೀ ಲೋಹದ್ದು, ಇನ್ನೊಂದಕ್ಕೆ ಕಾಲಿನ ಉದ್ದಕ್ಕೂ ಸ್ಪಂಜು ಸುತ್ತಿತ್ತು. ಸ್ಪಂಜಿನದು ಕೈಗೆ ಮೆತ್ತಗಿತ್ತು, ಹೆಗಲಿಗೆ ಹಾಕಿಕೊಂಡರೆ ಒತ್ತುತ್ತಿರಲಿಲ್ಲ. ಅದನ್ನೇ ತೆಗೆದುಕೊಂಡೆ. ಕ್ಯಾಮೆರಾಕ್ಕೆ ತಿಂಗಳುಗಟ್ಟಲೆ ಲೆಕ್ಕಾಚಾರ ಹಾಕಿದವಳು ಸ್ಟ್ಯಾಂಡಿಗೆ ಒಂದು ಗಳಿಗೆಯೂ ಯೋಚಿಸಲಿಲ್ಲ.

ಆ ವೀಡಿಯೋದ ಮೊದಲ ದೊಡ್ಡ ಕೆಲಸ ಸಿಕ್ಕಿದ್ದು ತಲಕಾಡು ರಸ್ತೆಯ ಒಂದು ಹಳ್ಳಿಯಲ್ಲಿ. ಮೋಡ ಮುಚ್ಚಿಕೊಂಡು ತಣ್ಣಗಿದ್ದ ದಿನಗಳು. ಅಲ್ಲಿನ ರೈತರೊಬ್ಬರ ಹುಳಕ್ಕೆ ಸುಣ್ಣಕಟ್ಟು ರೋಗ ಬಂದಿದೆ, ನಾಳೆ ಎಲ್ಲ ಸುಟ್ಟುಬಿಡುತ್ತಾರೆ, ಬೇಕಾದರೆ ಇವತ್ತೇ ಬನ್ನಿ ಅಂತ ಸಂಘದಿಂದ ಫೋನು. ಈ ರೋಗ ಬಂದ ಹುಳ ಸತ್ತ ಮೇಲೆ ಸೆಟೆದುಕೊಂಡು ಸೀಮೆಸುಣ್ಣದ ಚೂರಿನ ಹಾಗಾಗುತ್ತದೆ, ಮುಟ್ಟಿದರೆ ಬಿಳಿ ಪುಡಿ ಕೈಗೆ ಅಂಟುತ್ತದೆ. ಆ ಪುಡಿಯೇ ರೋಗ. ಅದು ಹೋದಲ್ಲೆಲ್ಲ ರೋಗವೂ ಹೋಗುತ್ತದೆ.

ಆ ರೈತರು ನನ್ನನ್ನು ಬೇಸರವಿಲ್ಲದೆ ಒಳಗೆ ಕರೆದರು. “ನಮ್ದಂತೂ ಓಯ್ತು ಬುಡಿ ಮೇಡಂ. ಬ್ಯಾರೇರ್ದಾದ್ರೂ ಉಳ್ಕಳ್ಳಿ, ಚೆನ್ನಾಗಿ ತಕ್ಕಳಿ” ಅಂದರು. ನಾನು ಚೆನ್ನಾಗಿಯೇ ತೆಗೆದೆ. ಸ್ಟ್ಯಾಂಡಿನ ಕಾಲುಗಳನ್ನು ಅಗಲಿಸಿ, ನೆಲಕ್ಕೆ ತಾಗುವಷ್ಟು ತಗ್ಗಿಸಿ, ಉದುರಿ ಬಿದ್ದಿದ್ದ ಸತ್ತ ಹುಳಗಳ ನಡುವೆಯೇ ನಿಲ್ಲಿಸಿದೆ. ಚಿತ್ರ ಎಷ್ಟು ಸ್ಪಷ್ಟವಾಗಿ ಬಂತೆಂದರೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಖುಷಿಯಾಯಿತು. ಹೊರಗೆ ಬಂದು ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಕಾಲು ಅದ್ದಿದೆ, ಕೈ ಉಜ್ಜಿ ತೊಳೆದೆ, ಮನೆಗೆ ಬಂದು ತಲೆಗೆ ಸ್ನಾನ ಮಾಡಿ ಬಟ್ಟೆ ಕುದಿಸಿ ಒಗೆದೆ. ಕ್ಯಾಮೆರಾವನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿದೆ. ಸ್ಟ್ಯಾಂಡನ್ನು ಮಡಚಿ ಚೀಲದೊಳಗೆ ಇಟ್ಟೆ. ಕ್ಯಾಮೆರಾದ ಸಾಮಾನಿಗೆ ನೀರು ಸೋಕಿಸಬಾರದು ಎನ್ನುವುದು ನಮ್ಮ ಕಸುಬಿನಲ್ಲಿ ಎಲ್ಲರೂ ಮೊದಲು ಕಲಿಯುವ ಪಾಠ.

ಮಾರನೆಯ ಬೆಳಿಗ್ಗೆ ಬಸ್ಸಿನಲ್ಲಿ ನಂಜನಗೂಡಿಗೆ ಹೋಗಿ, ಅಲ್ಲಿಂದ ಆಟೋ ಹಿಡಿದು ಹೆಡತಲೆಗೆ ಹೋದೆ. ಚೆನ್ನಾಗಿರುವ ಹುಳದ ಮನೆಯನ್ನು ಅಲ್ಲಿ ತೆಗೆಯುವುದೆಂದು ಮೊದಲೇ ಮಾತಾಗಿತ್ತು. ಅದು ಅತ್ತೆ ಸೊಸೆ ಇಬ್ಬರೂ ಸೇರಿ ನೋಡಿಕೊಳ್ಳುವ ಮನೆ. ಮಗ ನಂಜನಗೂಡಿನ ಫ್ಯಾಕ್ಟರಿಯೊಂದರಲ್ಲಿ ಶಿಫ್ಟಿಗೆ ಹೋಗುತ್ತಾನೆ. ಹುಳ ಸಾಕೋಣ ಅಂತ ಹಟ ಹಿಡಿದು ಆ ಶೆಡ್ಡು ಕಟ್ಟಿಸಿದ್ದು ಸೊಸೆ. ಅಡಿಗೆಮನೆಯಲ್ಲಿ ಅತ್ತೆಯ ಮಾತು ನಡೆಯುತ್ತಿತ್ತು, ಹೊಲದಲ್ಲಿ ಗಂಡನದು. ಹುಳದ ಮನೆಯ ಬಾಗಿಲು ದಾಟಿದರೆ ಮಾತ್ರ ಅವಳು ಹೇಳಿದ್ದೇ ಆಗುತ್ತಿತ್ತು. ಅವಳು ಅಲ್ಲಿ ನಡೆಯುವ ರೀತಿಯಲ್ಲೇ ಅದು ಗೊತ್ತಾಗುತ್ತಿತ್ತು.

ಅತ್ತೆ ಬಾಗಿಲಲ್ಲಿ ನಿಂತು ನನ್ನ ಕಾಲು ಅದ್ದಿಸಿದರು, ಕೈ ತೊಳೆಸಿದರು, ತಲೆಗೆ ಬಟ್ಟೆ ಕಟ್ಟಿಸಿದರು. “ತಪ್ಪು ತಿಳ್ಕಬ್ಯಾಡಿ ಮೇಡಮ್ಮೋರೆ, ಇದು ಕೂಸಿನ ಕ್ವಾಣೆ ಇದ್ದಂಗೆ” ಅಂದರು. ನಾನು ಹೆಮ್ಮೆಯಿಂದ, ನಿನ್ನೆಯಿಂದ ಎಷ್ಟು ಸಲ ತೊಳೆದುಕೊಂಡಿದ್ದೇನೆ ಗೊತ್ತಾ ಅಂದೆ. ಹೆಗಲ ಮೇಲಿನ ಚೀಲ ಇಳಿಸಲೂ ಇಲ್ಲ.

ಹುಳಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಪೊರೆ ಬಿಡುವ ಮುಂಚೆ ಹುಳ ಮೇವು ಬಿಟ್ಟು ತಲೆಯೆತ್ತಿ ಸುಮ್ಮನೆ ಕೂರುವುದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ಅದು ಕಳೆದ ಮೇಲೆ ಅವುಗಳ ಹಸಿವು ನೋಡಬೇಕು. ಸೊಪ್ಪು ಹರಡಿದ್ದೇ ತಡ, ಶೆಡ್ಡಿನ ತುಂಬಾ ಸಣ್ಣ ಮಳೆ ಬಿದ್ದ ಸದ್ದು. ಮೈಕು ಅದನ್ನೆಲ್ಲ ಹಿಡಿಯಿತು. ಸೊಸೆ ಹಸಿರು ಸೀರೆ ಉಟ್ಟು, ಪೌಡರು ಹಚ್ಚಿಕೊಂಡು, ಒಂದು ಹುಳವನ್ನು ಅಂಗೈ ಮೇಲೆ ಇಟ್ಟುಕೊಂಡು ಕ್ಯಾಮೆರಾಕ್ಕೆ ಹೇಳಿದಳು: “ಇದು ಚೆನ್ನಾಗೈತಾ ಇಲ್ವಾ ಅಂತ ಮೈ ಮುಟ್ಟಿದ್ರೆ ಗೊತ್ತಾಯ್ತದೆ. ತಣ್ಣಗೆ, ಗಟ್ಟಿಗೆ ಇರ್ಬೇಕು.” ಒಂದು ಸಲಕ್ಕೇ ಸರಿಯಾಗಿ ಬಂತು. ಆದರೂ ಇನ್ನೊಮ್ಮೆ ಹೇಳಿಸಿದೆ, ಅವಳ ಮುಖ ನೋಡುವ ಆಸೆಗೆ. ಅಲ್ಲಿಯೂ ಸ್ಟ್ಯಾಂಡನ್ನು ತಗ್ಗಿಸಿ ಹುಳದ ಹಾಸಿಗೆಯ ಪಕ್ಕದಲ್ಲೇ ನಿಲ್ಲಿಸಿದ್ದೆ.

ಹುಳ ಮೇವು ಸಾಕಾಗಿ, ಹಣ್ಣಾಗಿ, ಗೂಡು ಕಟ್ಟುವುದನ್ನು ತೆಗೆಯಲು ಮತ್ತೆ ಹೋದಾಗ ಶೆಡ್ಡಿನ ಬಾಗಿಲು ತೆರೆದೇ ಇತ್ತು, ಒಳಗೆ ಏನೂ ಇರಲಿಲ್ಲ. ಹಿತ್ತಿಲಲ್ಲಿ ಗುಂಡಿ ತೋಡಿ, ಸುಟ್ಟ ಬೂದಿಯ ಮೇಲೆ ಸುಣ್ಣ ಎರಚಿದ್ದರು. ಅಂಚಿನಲ್ಲಿ ಬೆಂಕಿಗೆ ಸಿಗದೆ ಉಳಿದ ಒಂದೆರಡು ಹುಳ ಬಿದ್ದಿದ್ದವು, ಬೆಳ್ಳಗೆ, ಸೆಟೆದುಕೊಂಡು. ಅತ್ತೆ ಜಗಲಿಯ ಮೇಲೆ ಕೂತಿದ್ದರು. “ಊಟ ಮಾಡ್ಕಂಡೋಗಿ ಮೇಡಮ್ಮೋರೆ, ಅಷ್ಟು ದೂರದಿಂದ ಬಂದಿದ್ದೀರಿ” ಅಂದರು. ಅಷ್ಟು ಹೇಳುವಾಗಲೇ ಕಣ್ಣು ಒರೆಸಿಕೊಂಡರು. ಸೊಸೆ ಎಲ್ಲಿ ಅಂತ ಕೇಳಿದೆ. ಹಿತ್ತಿಲ ಕಡೆ ಕೈ ತೋರಿಸಿದರು.

ಅವಳು ಹಿಪ್ಪುನೇರಳೆ ಕಡ್ಡಿ ಕಟ್ಟುತ್ತಾ ಕೂತಿದ್ದಳು. ಇಲ್ಲಿ ಬೇಡವಾದ ಸೊಪ್ಪನ್ನು ಪಕ್ಕದ ಮನೆಯವರ ಹುಳಕ್ಕೆ ಕೊಡುತ್ತಿದ್ದರಂತೆ. ನನ್ನನ್ನು ಕಂಡು ಎದ್ದು ನಿಂತಳು.

“ಅಕ್ಕ, ಅವತ್ತು ನೀವು ಬಂದಾಗ ನಾನು ಒರಗಾಗಿದ್ದೆ” ಅಂದಳು. ಮುಟ್ಟಾಗಿದ್ದೆ ಎನ್ನುವುದಕ್ಕೆ ನಮ್ಮ ಕಡೆಯ ಮಾತು ಅದು. ಆ ದಿನಗಳಲ್ಲಿ ಹೆಂಗಸರು ಹುಳದ ಮನೆಗೆ ಕಾಲಿಡಬಾರದು ಎನ್ನುವುದನ್ನು ಹುಳ ಸಾಕುವ ಎಷ್ಟೋ ಮನೆಗಳಲ್ಲಿ ಇನ್ನೂ ನಡೆಸುತ್ತಾರೆ. “ಯೋಳಿದ್ರೆ ಒಳಕ್ಕೆ ಬುಡ್ತಿರ್ನಿಲ್ಲ. ವೀಡಿಯೋದಲ್ಲಿ ಬರ್ಬೇಕು ಅಂತ ಆಸೆ ಕಣಕ್ಕ. ಬಾಯಿ ಮುಚ್ಕಂಡು ಒಳಕ್ಕೋದೆ. ಉಳ ಎಲ್ಲ ಸತ್ತೋಯ್ತು. ನಾನೇ ಅತ್ತೆ ಕಾಲಿಗೆ ಬಿದ್ದು ಯೋಳ್ಬುಟ್ಟೆ.”

ಹಾಗೆಲ್ಲ ಏನೂ ಇಲ್ಲ ಕಣಮ್ಮ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂದೆ. ಓದಿಕೊಂಡವರು ಹೇಳುವ ಧಾಟಿಯಲ್ಲೇ ಅಂದೆ. ಅವಳು ಮತ್ತೆ ಕಡ್ಡಿ ಕಟ್ಟಲು ಕೂತಳು. ಇನ್ನು ಮೇಲೆ ಅವಳು ಹುಳದ ಮನೆಯೊಳಗೆ ಕಾಲಿಡುವ ಹಾಗಿಲ್ಲ, ಯಾವ ದಿನವೂ. ಸೊಪ್ಪು ಕಡಿದು ಬಾಗಿಲ ತನಕ ತಂದು ಹಾಕಬೇಕು, ಅಷ್ಟೇ. ಅತ್ತೆ ಹಾಗೆ ತೀರ್ಮಾನ ಮಾಡಿದ್ದರು. ಗಂಡನೂ ಹೂಂ ಅಂದಿದ್ದ. ಕೊನೆಗೆ ಅವಳೂ ಅದೇ ಸರಿ ಅಂದುಕೊಂಡಿದ್ದಳು.

ಬಸ್ಸಿನಲ್ಲಿ ಬರುವಾಗ ಆ ಮುದುಕಿಯ ಮೇಲೆ ನನಗೆ ವಿಪರೀತ ಸಿಟ್ಟು. ಎಂಥ ಮೌಢ್ಯ, ಎಂಥ ಜನ ಅಂತ ಮನಸ್ಸಿನಲ್ಲೇ ಬೈದುಕೊಂಡು ಬಂದೆ. ಬೈಯುವಾಗ ಎಷ್ಟು ನೆಮ್ಮದಿಯಿತ್ತು ಅಂತ ಈಗ ನೆನಪಾಗುತ್ತದೆ.

ಮರುದಿನ ವೀಡಿಯೋಗೆ ನನ್ನದೇ ದನಿ ಸೇರಿಸಲು ಕೂತೆ. ರಸ್ತೆಯ ಸದ್ದು ಬಾರದಿರಲೆಂದು ರಗ್ಗು ಹೊದ್ದುಕೊಂಡು, ಬರೆದಿಟ್ಟುಕೊಂಡಿದ್ದನ್ನು ಓದುತ್ತಾ ಹೋದೆ. “ರೋಗ ಬಂದ ಮನೆಯ ತಟ್ಟೆ, ಬಲೆ, ಬುಟ್ಟಿ, ಯಾವ ಸಾಮಾನನ್ನೂ ಔಷಧದ ನೀರಿನಲ್ಲಿ ತೊಳೆಯದೆ ಇನ್ನೊಂದು ಮನೆಯೊಳಗೆ ತರಬೇಡಿ.” ನಾನೇ ಬರೆದ ಸಾಲು. ಓದಿ ಮುಗಿಸಿದೆ, ಮುಂದಿನ ಸಾಲು ಹೊರಡಲಿಲ್ಲ. ರಗ್ಗು ಕಿತ್ತೆಸೆದೆ. ಹೊರಗೆ ಬಂದು ಚೀಲ ಬಿಚ್ಚಿ ಸ್ಟ್ಯಾಂಡು ತೆಗೆದು ಅದರ ಸ್ಪಂಜನ್ನು ಬಿಸಿಲಿಗೆ ಹಿಡಿದು ನೋಡಿದೆ. ಅದರಲ್ಲಿ ಏನು ಕಾಣುತ್ತದೆ? ಬೆರಳಲ್ಲಿ ಒತ್ತಿದರೆ ಒಂದಿಷ್ಟು ಧೂಳು ಬಂತು. ಬಸ್ಸಿನ ಧೂಳೂ ಇರಬಹುದು.

ನನ್ನ ಗಂಡ ಸಮಾಧಾನ ಹೇಳಿದರು. ರೋಗ ಸೊಪ್ಪಿನಲ್ಲೂ ಬರುತ್ತದಂತೆ, ಗಾಳಿಯಲ್ಲೂ ಬರುತ್ತದಂತೆ, ಹವೆ ಬೇರೆ ತಣ್ಣಗಿತ್ತು, ನಿನ್ನಿಂದಲೇ ಅಂತ ಹೇಗೆ ಹೇಳುತ್ತೀ ಅಂದರು. ತಮಾಷೆ ಮಾಡಲಿಲ್ಲ, ಅದರಿಂದಲೇ ನನಗೆ ಇನ್ನಷ್ಟು ಭಯವಾಯಿತು. ನಾನೇ ಅಂತ ನಾನೂ ಪ್ರಮಾಣ ಮಾಡಲಾರೆ. ಆದರೆ ರೋಗದ ಮನೆಯಿಂದ ಎದ್ದು ಬಂದು ಮರುದಿನವೇ ಆ ಸೊಸೆಯ ಹುಳದ ಪಕ್ಕದಲ್ಲಿ ನಿಂತದ್ದು ನನ್ನ ಸಾಮಾನು. ಶಿಕ್ಷೆ ಆದದ್ದು ಅಲ್ಲಿ ನಿಂತಿದ್ದ ಅವಳಿಗೆ. ಇಷ್ಟು ಗೊತ್ತಿದ್ದ ಮೇಲೆ ಸುಮ್ಮನಿರುವುದು ಹೇಗೆ?

ಹೆಡತಲೆಗೆ ಮತ್ತೆ ಹೋದೆ. ಮೊದಲು ಸೊಸೆಗೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, “ನನ್ನ ಸಮಾಧಾನಕ್ಕೆ ಅಂತ ಯೋಳ್ಬ್ಯಾಡಿ ಅಕ್ಕ” ಅಂದಳು. ಸುಳ್ಳಲ್ಲಮ್ಮ ಅಂದೆ. “ಅಂಗಾದ್ರೆ ಅತ್ತೆಗೆ ಯೋಳಿ” ಅಂದಳು. ದನಿಯಲ್ಲಿ ಸಣ್ಣದೊಂದು ಆಸೆ ಇತ್ತು. ಅದನ್ನು ಕೇಳಿ ನನಗೆ ಧೈರ್ಯ ಬಂತು.

ಅತ್ತೆಯ ಮುಂದೆ ಸ್ಟ್ಯಾಂಡು ಇಟ್ಟು ನಡೆದದ್ದನ್ನೆಲ್ಲ ಹೇಳಿದೆ. ತಲಕಾಡು ರಸ್ತೆಯ ಶೆಡ್ಡು, ಅಲ್ಲಿ ಸತ್ತ ಹುಳದ ನಡುವೆ ಇದನ್ನು ನಿಲ್ಲಿಸಿದ್ದು, ತೊಳೆಯದೆ ನೇರ ಇಲ್ಲಿಗೆ ತಂದದ್ದು. ಬೈಯುತ್ತಾರೆ, ಬೈಯಲಿ, ನನ್ನನ್ನು ಇನ್ನು ಈ ಅಂಗಳಕ್ಕೆ ಸೇರಿಸದಿದ್ದರೂ ಸರಿ, ಅವಳನ್ನು ಒಳಗೆ ಬಿಟ್ಟರೆ ಸಾಕು ಅಂದುಕೊಂಡಿದ್ದೆ. ಅವರು ಬೈಯಲಿಲ್ಲ. ಸ್ಪಂಜನ್ನು ಉಗುರಿನಲ್ಲಿ ಕೆರೆದು ನೋಡಿದರು, ಮೂಸಿ ನೋಡಿದರು. “ಇರ್ಬೋದು. ಇದ್ರಿಂದ್ಲೂ ಬಂದಿರ್ಬೋದು” ಅಂದರು. ಒಳಗೆ ಹೋಗಿ ಬ್ಲೀಚಿಂಗ್ ಪೌಡರು ತಂದು ಬಕೆಟ್ಟಿನಲ್ಲಿ ಕಲಸಿ, ಮೂರೂ ಕಾಲನ್ನು ತಾವೇ ಅದ್ದಿ, ತೆಂಗಿನ ನಾರಿನಲ್ಲಿ ಉಜ್ಜಿದರು.

“ನೀವಾಗೇ ಬಂದು ಯೋಳಿದ್ರಲ್ಲ, ದೊಡ್ಡ ಮನ್ಸು. ಮುಂದ್ಲ ಬೆಳೆಗೂ ಬನ್ನಿ ಮೇಡಮ್ಮೋರೆ. ಇದ್ನ ತೊಳ್ದು ಒಳಕ್ಕೆ ತಂದ್ರಾಯ್ತು.”

“ಹಾಗಾದರೆ ಅವಳು?” ಅಂತ ಕೇಳಿದೆ. ಸೊಸೆ ಬಾಗಿಲ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು.

ಅವರು ಉಜ್ಜುತ್ತಲೇ ಹೇಳಿದರು: “ಅವ್ಳು ಬ್ಯಾಡ ಬುಡಿ. ಇದಾದ್ರೆ ತೊಳೀಬೋದು. ಅವ್ಳನ್ನ ಎಂಗೆ ತೊಳೆಯದು?”

ಸಂಘದವರಿಗೆ ಗೂಡು ಕಟ್ಟುವ ಚಿತ್ರ ಬೇಕೇ ಬೇಕಿತ್ತು. ಮುಂದಿನ ಬೆಳೆಗೆ ಹೋದೆ. ಅತ್ತೆ ಬಾಗಿಲಲ್ಲಿ ನಿಂತು ನನ್ನ ಕಾಲಿಗೂ ಸ್ಟ್ಯಾಂಡಿನ ಕಾಲಿಗೂ ನೀರು ಹುಯ್ದು, “ಬನ್ನಿ, ಒಳಕ್ಕೆ ಬನ್ನಿ” ಅಂತ ಕರೆದರು. ಸೊಸೆ ಸೊಪ್ಪಿನ ಹೊರೆ ತಂದು ಹೊಸ್ತಿಲ ಆಚೆ ಇಳಿಸಿದಳು. ಅವಳನ್ನು ಬಿಡದ ಮನೆಗೆ ನಾನೂ ಬರುವುದಿಲ್ಲ ಅಂತ ಹೇಳಬೇಕಿತ್ತು. ದಾರಿಯುದ್ದಕ್ಕೂ ಅದನ್ನೇ ಅಂದುಕೊಂಡು ಬಂದಿದ್ದೆ. “ಅಕ್ಕ, ಉಳ ಎಂಗವೆ ಅಂತ ನೋಡ್ಕಂಡು ಬಂದು ಯೋಳ್ತೀರಾ?” ಅಂತ ಅವಳು ಮೆಲ್ಲಗೆ ಕೇಳಿದಳು. ಹೂಂ ಅಂದು ಒಳಗೆ ಹೋದೆ.